ಹೊಸ ರೌಟರ್, ಹಳೆಯ ಕ್ಯಾಮೆರಾ: ಮತ್ತೆ ಬೆಸೆಯುವ ಬಗೆ

ನಿಮ್ಮ ಮನೆಗೆ ತಾಮ್ರದ ತಂತಿಯ ಮೂಲಕ ಬರುತ್ತಿದ್ದ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ತೆಗೆಸಿ, ದ್ಯುತಿ ತಂತು ಅಂದರೆ ಫೈಬರ್ ಸಂಪರ್ಕ ಹಾಕಿಸಿಕೊಂಡಿದ್ದೀರಿ ಎಂದುಕೊಳ್ಳಿ. ಇಲ್ಲವೇ ಒಂದು ಕಂಪನಿಯ ಸೇವೆಯನ್ನು ಬಿಟ್ಟು ಮತ್ತೊಂದಕ್ಕೆ ಬದಲಾಗಿದ್ದೀರಿ. ತಂತ್ರಜ್ಞರು ಬಂದು ಹಳೆಯ ರೌಟರನ್ನು ಬಿಚ್ಚಿ, ಹೊಸದನ್ನು ಗೋಡೆಗೆ ಕೂರಿಸಿ, ವೈ-ಫೈ ಹೆಸರನ್ನೂ ಪಾಸ್‌ವರ್ಡನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಾರೆ. ಹತ್ತು ನಿಮಿಷಗಳಲ್ಲಿ ಮನೆಯ ಫೋನುಗಳು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಹೊಸ ಸಂಪರ್ಕಕ್ಕೆ ಒಗ್ಗಿಕೊಳ್ಳುತ್ತವೆ. ಆದರೆ ಬಾಗಿಲ ಮೇಲಿನ ಕ್ಯಾಮೆರಾ ಮಾತ್ರ ಫೋನಿನ ಪರದೆಯಲ್ಲಿ ‘ಆಫ್‌ಲೈನ್’ ಎಂದು ತೋರಿಸುತ್ತದೆ.

ಕ್ಯಾಮೆರಾ ಕೆಟ್ಟಿಲ್ಲ. ಅದರ ಮಸೂರ ನೋಡುತ್ತಲೇ ಇದೆ, ರಾತ್ರಿಯಾದರೆ ಅವಕೆಂಪು ದೀಪಗಳೂ ಹೊತ್ತಿಕೊಳ್ಳುತ್ತವೆ. ಕಂಡದ್ದನ್ನು ಹೊರಗೆ ತಿಳಿಸುವ ದಾರಿ ಮಾತ್ರ ಮುಚ್ಚಿಹೋಗಿದೆ. ಇಲ್ಲಿಯೇ ಒಂದು ಅಪಾಯವಿದೆ. ರೈಲು ಮಾರ್ಗದ ಸಂಕೇತ ವ್ಯವಸ್ಥೆಯನ್ನು, ಅದು ಕೆಟ್ಟರೆ ಗಾಡಿ ನಿಲ್ಲುವಂತೆ ರೂಪಿಸಿರುತ್ತಾರೆ. ದೋಷ ತಾನಾಗಿಯೇ ಬಯಲಾಗುತ್ತದೆ. ಮನೆಯ ಕ್ಯಾಮೆರಾ ಹಾಗಲ್ಲ. ಅದು ಸದ್ದಿಲ್ಲದೆ ಕೆಡುತ್ತದೆ. ವಯಸ್ಸಾದ ತಂದೆ ತಾಯಿ ಹಾಸನದಲ್ಲೋ ಶಿವಮೊಗ್ಗದಲ್ಲೋ ಇದ್ದು, ಮಕ್ಕಳು ಬೆಂಗಳೂರಿನಿಂದಲೋ ವಿದೇಶದಿಂದಲೋ ಕ್ಯಾಮೆರಾದ ಮೂಲಕ ಮನೆಯನ್ನು ನೋಡುತ್ತಿರುವ ಸಂಸಾರಗಳು ಇಂದು ಸಾಕಷ್ಟಿವೆ. ಅಂತಹ ಮನೆಯಲ್ಲಿ ಕ್ಯಾಮೆರಾ ಹದಿನೈದು ದಿನ ಸಂಪರ್ಕ ಕಳೆದುಕೊಂಡಿದ್ದರೂ ‘ಕ್ಯಾಮೆರಾ ಇದೆಯಲ್ಲ’ ಎಂಬ ಧೈರ್ಯ ಮಾತ್ರ ಉಳಿದುಕೊಂಡಿರುತ್ತದೆ.

ಇದನ್ನು ಸರಿಪಡಿಸಲು ಹೊಸ ಕ್ಯಾಮೆರಾ ಕೊಳ್ಳಬೇಕಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಯಾರನ್ನೂ ಕರೆಸಬೇಕಾಗಿಯೂ ಇಲ್ಲ. ರೌಟರ್ ಬದಲಾದಾಗ ನಿಜವಾಗಿ ಏನೇನು ಬದಲಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಸಾಕು.

ರೌಟರಿನ ಮೂರು ಕೆಲಸಗಳು

ರೌಟರ್ ಎಂಬ ಒಂದೇ ಪೆಟ್ಟಿಗೆಯೊಳಗೆ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮೊದಲನೆಯದಾಗಿ, ಅದೊಂದು ಪುಟ್ಟ ರೇಡಿಯೋ ಕೇಂದ್ರ. ಒಂದು ಹೆಸರನ್ನು ಪ್ರಸಾರ ಮಾಡುತ್ತಾ, ಸರಿಯಾದ ಪಾಸ್‌ವರ್ಡ್ ಗೊತ್ತಿರುವ ಸಾಧನಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಎರಡನೆಯದಾಗಿ, ಅದೊಂದು ಅಂಚೆ ಕಚೇರಿ. ಮನೆಯೊಳಗಿನ ಪ್ರತಿಯೊಂದು ಸಾಧನಕ್ಕೂ ಒಂದು ವಿಳಾಸವನ್ನು ಹಂಚುತ್ತದೆ. ಮೂರನೆಯದಾಗಿ, ಅದು ಹೆಬ್ಬಾಗಿಲ ಕಾವಲುಗಾರ. ಒಳಗಿನಿಂದ ಹೊರಗೆ ಹೋಗುವುದನ್ನು ಬಿಡುತ್ತದೆ. ಹೊರಗಿನಿಂದ ಕರೆಯದೆ ಬರುವುದನ್ನು ತಡೆಯುತ್ತದೆ.

ಹೊಸ ರೌಟರ್ ಬಂದಾಗ ಈ ಮೂರೂ ಬದಲಾಗಬಹುದು. ನಿಮ್ಮಲ್ಲಿರುವ ಕ್ಯಾಮೆರಾ ಯಾವ ಬಗೆಯದು ಎಂಬುದರ ಮೇಲೆ ಯಾವ ಬದಲಾವಣೆ ನಿಮಗೆ ತೊಡಕಾಗುತ್ತದೆ ಎಂಬುದು ನಿಂತಿದೆ. ಕ್ಯಾಮೆರಾಕ್ಕೆ ವಿದ್ಯುತ್ ತಂತಿಯೊಂದನ್ನು ಬಿಟ್ಟು ಬೇರೆ ತಂತಿ ಇಲ್ಲವಾದರೆ ಅದು ವೈ-ಫೈ ಕ್ಯಾಮೆರಾ. ಅದಕ್ಕೆ ಮೊದಲನೆಯ ಕೆಲಸವೇ ಮುಖ್ಯ. ಹಲವು ಕ್ಯಾಮೆರಾಗಳ ತಂತಿಗಳು ಒಂದು ಪೆಟ್ಟಿಗೆಗೆ ಬಂದು ಸೇರುತ್ತಿದ್ದರೆ ಅದು ಡಿವಿಆರ್ ಅಥವಾ ಎನ್‌ವಿಆರ್ ಎಂಬ ರೆಕಾರ್ಡರ್. ಅಲ್ಲಿ ಎರಡನೆಯ ಮತ್ತು ಮೂರನೆಯ ಕೆಲಸಗಳು ಮುಖ್ಯವಾಗುತ್ತವೆ. ಒಂದೊಂದಾಗಿ ನೋಡೋಣ.

ಹೆಸರು ಮತ್ತು ಕೀಲಿ

ವೈ-ಫೈ ರೌಟರ್ ಸೆಕೆಂಡಿಗೆ ಸುಮಾರು ಹತ್ತು ಬಾರಿ ತನ್ನ ಹೆಸರನ್ನು ಕೂಗಿ ಹೇಳುತ್ತಿರುತ್ತದೆ. ಈ ಹೆಸರಿಗೆ ಎಸ್‌ಎಸ್‌ಐಡಿ ಎಂದು ಕರೆಯುತ್ತಾರೆ. ಕ್ಯಾಮೆರಾವನ್ನು ಮೊದಲ ಬಾರಿ ಜೋಡಿಸಿದಾಗ ಈ ಹೆಸರನ್ನೂ ಪಾಸ್‌ವರ್ಡನ್ನೂ ಅದು ತನ್ನ ನೆನಪಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ವಿದ್ಯುತ್ ಹೋಗಿ ಬಂದಾಗಲೆಲ್ಲ ಅದೇ ಹೆಸರಿಗಾಗಿ ಕಿವಿಗೊಡುತ್ತದೆ. ಹೊಸ ರೌಟರ್ ಬೇರೆ ಹೆಸರನ್ನು ಕೂಗುತ್ತಿದ್ದರೆ ಕ್ಯಾಮೆರಾದ ಪಾಲಿಗೆ ಅದು ಪಕ್ಕದ ಮನೆಯ ರೌಟರ್ ಇದ್ದಂತೆ. ನಿಮ್ಮ ಫೋನಿಗೆ ಪರದೆಯೂ ಕೀಲಿಮಣೆಯೂ ಇರುವುದರಿಂದ ಹೊಸ ಹೆಸರನ್ನು ನೀವೇ ತಿಳಿಸಿದಿರಿ. ಕ್ಯಾಮೆರಾಕ್ಕೆ ಅವೆರಡೂ ಇಲ್ಲ.

ಪಾಸ್‌ವರ್ಡ್ ಒಂದೇ ಆಗಿದ್ದರೆ ಸಾಲದೆ? ಸಾಲದು. ಇದಕ್ಕೆ ಕಾರಣ ಸ್ವಾರಸ್ಯಕರವಾಗಿದೆ. 2004ರಿಂದ ಬಳಕೆಗೆ ಬಂದ ಡಬ್ಲ್ಯುಪಿಎ2 ಎಂಬ ಭದ್ರತಾ ಕ್ರಮದಲ್ಲಿ ಪಾಸ್‌ವರ್ಡ್ ಎಂದೂ ಗಾಳಿಯಲ್ಲಿ ಹಾಗೆಯೇ ಪಯಣಿಸುವುದಿಲ್ಲ. ನೀವು ಕೊಟ್ಟ ಪಾಸ್‌ವರ್ಡನ್ನೂ ಜಾಲದ ಹೆಸರನ್ನೂ ಒಟ್ಟಿಗೆ ಸೇರಿಸಿ, ಒಂದು ಗಣಿತ ಕ್ರಿಯೆಗೆ 4096 ಬಾರಿ ಒಳಪಡಿಸಿ, 256 ಬಿಟ್‌ಗಳ ಕೀಲಿಯೊಂದನ್ನು ಪಡೆಯಲಾಗುತ್ತದೆ. ರೌಟರ್ ಮತ್ತು ಕ್ಯಾಮೆರಾ ಎರಡೂ ತಂತಮ್ಮಲ್ಲೇ ಈ ಲೆಕ್ಕ ಮಾಡಿ, ಇಬ್ಬರಿಗೂ ಒಂದೇ ಕೀಲಿ ಸಿಕ್ಕಿದೆಯೇ ಎಂಬುದನ್ನು, ಕೀಲಿಯನ್ನು ಬಯಲುಮಾಡದೆ, ನಾಲ್ಕು ಸಂದೇಶಗಳಲ್ಲಿ ಪರೀಕ್ಷಿಸಿಕೊಳ್ಳುತ್ತವೆ. ಹೆಸರಿನ ಒಂದು ಅಕ್ಷರ ಬದಲಾದರೂ ಬರುವ ಕೀಲಿ ಸಂಪೂರ್ಣ ಬೇರೆಯಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಇಲ್ಲಿ ವ್ಯತ್ಯಾಸವಿದೆ. ಪದಗಳ ನಡುವಿನ ಖಾಲಿ ಜಾಗವೂ ಒಂದು ಅಕ್ಷರವೇ.

ಇದರಿಂದಲೇ ನಮಗೆ ಅತಿ ಸುಲಭವಾದ ಪರಿಹಾರವೂ ದೊರೆಯುತ್ತದೆ. ಹೊಸ ರೌಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಚಾಚೂ ತಪ್ಪದೆ ಕೊಟ್ಟುಬಿಡಿ. ಆಗ ಕೀಲಿ ಹಳೆಯದೇ ಆಗುತ್ತದೆ. ಎರಡು ಮೂರು ನಿಮಿಷಗಳಲ್ಲಿ ಮನೆಯ ವೈ-ಫೈ ಕ್ಯಾಮೆರಾಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಏಣಿ ಹತ್ತುವ ಕೆಲಸವೇ ಇಲ್ಲ. ನಾಲ್ಕು ಕ್ಯಾಮೆರಾ ಇರುವ ಮನೆಯಲ್ಲಿ ಇದು ಉಳಿಸುವ ಶ್ರಮ ಕಡಿಮೆಯದಲ್ಲ.

ಹೀಗೆ ಮಾಡಲು, ಹೊಸ ರೌಟರಿನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ವಿಳಾಸವನ್ನು ನೋಡಿ, ಅದೇ ಜಾಲಕ್ಕೆ ಸೇರಿರುವ ಫೋನಿನ ಅಥವಾ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಆ ವಿಳಾಸವನ್ನು ಬರೆಯಿರಿ. ಕೆಲವು ಸೇವಾದಾರರು ಇದಕ್ಕಾಗಿಯೇ ಆ್ಯಪ್ ಕೊಡುತ್ತಾರೆ. ಹಳೆಯ ಹೆಸರು ಮರೆತಿದ್ದರೆ ಮನೆಯ ಯಾವುದಾದರೂ ಫೋನಿನ ‘ಉಳಿಸಿದ ಜಾಲಗಳು’ ಪಟ್ಟಿಯಲ್ಲಿ ಅದು ಸಿಗುತ್ತದೆ. ಹಳೆಯ ರೌಟರ್ ಇನ್ನೂ ಮನೆಯಲ್ಲಿದ್ದರೆ ಅದನ್ನು ಆರಿಸಿಡಿ. ಒಂದೇ ಹೆಸರಿನ ಎರಡು ರೌಟರುಗಳಿದ್ದರೆ ಕ್ಯಾಮೆರಾ ಅಂತರಜಾಲವಿಲ್ಲದ ಹಳೆಯದಕ್ಕೆ ಅಂಟಿಕೊಳ್ಳಬಹುದು. ಹೊಸ ರೌಟರಿನ ರೀಸೆಟ್ ಗುಂಡಿಯನ್ನು ಮಾತ್ರ ಒತ್ತಬೇಡಿ. ಸೇವಾದಾರರು ಅದರಲ್ಲಿ ತುಂಬಿರುವ ವಿವರಗಳು ಅಳಿಸಿಹೋದರೆ ಅಂತರಜಾಲವೇ ನಿಂತುಹೋಗಬಹುದು.

ಇಷ್ಟಾದರೂ ಕ್ಯಾಮೆರಾ ಬರಲಿಲ್ಲವೇ? ಭದ್ರತೆಯ ಬಗೆಯನ್ನು ನೋಡಿ. 2018ರಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಕ್ರಮ ಬಂದಿದೆ. ಅದು ಹೆಚ್ಚು ಸುರಕ್ಷಿತವಾದರೂ ಹಳೆಯ ಕ್ಯಾಮೆರಾಗಳಿಗೆ ತಿಳಿಯದ ಭಾಷೆ. ರೌಟರಿನಲ್ಲಿ ಅದೊಂದನ್ನೇ ಆರಿಸಿದ್ದರೆ, ಡಬ್ಲ್ಯುಪಿಎ2 ಅಥವಾ ಎರಡೂ ಸೇರಿದ ಆಯ್ಕೆಗೆ ಬದಲಾಯಿಸಬೇಕು.

ಒಂದು ಎಚ್ಚರಿಕೆಯ ಮಾತು. ಹಳೆಯ ಪಾಸ್‌ವರ್ಡ್ ತೀರ ಸರಳವಾಗಿದ್ದರೆ, ಅಥವಾ ಬಾಡಿಗೆಗೆ ಇದ್ದವರು, ಬಂದುಹೋದ ಕೆಲಸಗಾರರು ಎಲ್ಲರಿಗೂ ಗೊತ್ತಿದ್ದರೆ, ಅದನ್ನೇ ಮುಂದುವರಿಸುವುದು ಜಾಣತನವಲ್ಲ. ಆಗ ಹೊಸ ಪಾಸ್‌ವರ್ಡ್ ಇಟ್ಟು, ಕ್ಯಾಮೆರಾಗಳನ್ನು ಒಂದೊಂದಾಗಿ ಮತ್ತೆ ಜೋಡಿಸುವುದೇ ಸರಿ.

ಎರಡು ಆವೃತ್ತಿಗಳ ಗೊಂದಲ

ಹೊಸ ರೌಟರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಆವೃತ್ತಿ ಪಟ್ಟಿಗಳಲ್ಲಿ ಪ್ರಸಾರ ಮಾಡುತ್ತವೆ. ಮೊದಲನೆಯ ಪಟ್ಟಿಯನ್ನು ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಲು 2005ರ ಜನವರಿಯಲ್ಲಿ ಅನುಮತಿ ದೊರೆಯಿತು. ಮನೆಬಳಕೆಯ ಅನೇಕ ವೈ-ಫೈ ಕ್ಯಾಮೆರಾಗಳಿಗೆ ಈ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ. ತಯಾರಕರು ಖರ್ಚು ಉಳಿಸಲು ಹೀಗೆ ಮಾಡಿದ್ದಾರೆ ಎನ್ನುವುದು ನಿಜವಾದರೂ ಇದಕ್ಕೆ ಭೌತಿಕ ಸಮರ್ಥನೆಯೂ ಉಂಟು.

ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗಾಂತರ ಸಿಗುತ್ತದೆ. 2.4 ಗಿಗಾಹರ್ಟ್ಸ್ ಅಲೆಯ ತರಂಗಾಂತರ 12.5 ಸೆಂಟಿಮೀಟರ್. 5.2 ಗಿಗಾಹರ್ಟ್ಸ್ ಅಲೆಯದು ಸುಮಾರು 5.8 ಸೆಂಟಿಮೀಟರ್. ಒಂದೇ ಬಗೆಯ ಆಂಟೆನಾ ಹಿಡಿದುಕೊಳ್ಳುವ ಶಕ್ತಿ ತರಂಗಾಂತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಅಡ್ಡಿಯಿಲ್ಲದ ಬಯಲಿನಲ್ಲೂ, ಅಷ್ಟೇ ದೂರದಲ್ಲಿ, 2.4 ಗಿಗಾಹರ್ಟ್ಸ್ ಸಂಕೇತ ಸುಮಾರು 4.7 ಪಟ್ಟು ಬಲವಾಗಿ ದೊರೆಯುತ್ತದೆ. ಇದರ ಮೇಲೆ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು 5 ಗಿಗಾಹರ್ಟ್ಸ್ ಅಲೆಗಳನ್ನು ಹೆಚ್ಚು ಹೀರಿಕೊಳ್ಳುತ್ತವೆ. ಗೇಟಿನ ಬಳಿ, ಎರಡು ಗೋಡೆಗಳಾಚೆ ಇರುವ ಕ್ಯಾಮೆರಾಕ್ಕೆ ಉದ್ದ ಅಲೆಯೇ ಅನುಕೂಲ.

ಈಗ ತೊಡಕಿನ ವಿಷಯ. ಹೊಸ ರೌಟರುಗಳು ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟು, ಯಾವ ಸಾಧನ ಯಾವುದಕ್ಕೆ ಸೇರಬೇಕೆಂದು ತಾವೇ ನಿರ್ಧರಿಸಲು ನೋಡುತ್ತವೆ. ಫೋನಿಗೆ ಇದು ಒಳ್ಳೆಯದು. ಆದರೆ ಕ್ಯಾಮೆರಾವನ್ನು ಜೋಡಿಸುವಾಗ ಫೋನು 5 ಗಿಗಾಹರ್ಟ್ಸ್‌ನಲ್ಲೂ ಕ್ಯಾಮೆರಾ 2.4ರಲ್ಲೂ ಇದ್ದು, ಕೆಲವು ಆ್ಯಪ್‌ಗಳು ಜೋಡಣೆಯನ್ನು ಪೂರ್ಣಗೊಳಿಸುವುದಿಲ್ಲ. ಪಾಸ್‌ವರ್ಡ್ ತಪ್ಪೆಂದು ನೀವು ಹತ್ತು ಸಲ ಬರೆಯುತ್ತೀರಿ, ತಪ್ಪು ಅಲ್ಲಿರುವುದಿಲ್ಲ. ಪರಿಹಾರ ಸರಳ. ರೌಟರಿನಲ್ಲಿ ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರು ಕೊಡಿ. ಹಳೆಯ ಹೆಸರು 2.4ಕ್ಕೆ ಇರಲಿ. ಹಾಗಾಗದಿದ್ದರೆ ಕ್ಯಾಮೆರಾ ಜೋಡಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಪ್ರಸಾರವನ್ನು ನಿಲ್ಲಿಸಿ, ಆಮೇಲೆ ಮತ್ತೆ ಆರಂಭಿಸಿ.

2.4 ಗಿಗಾಹರ್ಟ್ಸ್ ಪಟ್ಟಿಯೊಳಗೆ ಮತ್ತೆ ಚಾನೆಲ್‌ಗಳಿವೆ. ಭಾರತದಲ್ಲಿ 1ರಿಂದ 13ರವರೆಗೆ ಬಳಸಬಹುದು. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಸಾಧನಗಳು 11ನೆಯದಕ್ಕೇ ನಿಲ್ಲುವುದುಂಟು. ಅಲ್ಲಿರುವ ಮಕ್ಕಳು ತಂದುಕೊಟ್ಟ ಕ್ಯಾಮೆರಾ ಇದ್ದಕ್ಕಿದ್ದಂತೆ ಕಾಣೆಯಾದರೆ, ರೌಟರ್ ತಾನಾಗಿ 12 ಅಥವಾ 13ನೇ ಚಾನೆಲ್ ಆರಿಸಿಕೊಂಡಿದೆಯೇ ನೋಡಿ. ಪರಸ್ಪರ ತಗುಲದಂತಹ 1, 6, 11 ಇವುಗಳಲ್ಲಿ ಒಂದನ್ನು ಸ್ಥಿರವಾಗಿ ಇಡುವುದು ಕ್ಷೇಮ.

ರೌಟರಿನ ಸ್ಥಳವನ್ನೂ ಮರೆಯಬಾರದು. ಫೈಬರ್ ಒಳಬರುವ ಮೂಲೆ ಹಳೆಯ ದೂರವಾಣಿ ತಂತಿಯ ಮೂಲೆಗಿಂತ ಬೇರೆಯಾಗಿರಬಹುದು. ಅನೇಕ ಆ್ಯಪ್‌ಗಳಲ್ಲಿ ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ, ಋಣ ಸಂಖ್ಯೆಯಾಗಿ ತೋರಿಸುತ್ತಾರೆ. ಪ್ರತಿ 10 ಅಂಕದ ಇಳಿಕೆ ಎಂದರೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿದಂತೆ. –50ಕ್ಕೆ ಹೋಲಿಸಿದರೆ –80 ಎಂಬುದು ಸಾವಿರದಲ್ಲಿ ಒಂದು ಪಾಲು. –65ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. –75ಕ್ಕಿಂತ ಕೆಳಗಿಳಿದರೆ ಚಿತ್ರ ತಡವರಿಸಬಹುದು.

ಮತ್ತೆ ಜೋಡಿಸಬೇಕಾದಾಗ

ಹೊಸ ಹೆಸರನ್ನೇ ಇಡಲು ನಿರ್ಧರಿಸಿದ್ದರೆ ಮೊದಲು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ವೈ-ಫೈ ಬದಲಿಸಿ’ ಎಂಬ ಆಯ್ಕೆ ಇದೆಯೇ ನೋಡಿ. ಕ್ಯಾಮೆರಾವನ್ನು ಆ್ಯಪ್‌ನಿಂದ ಅಳಿಸಿಹಾಕುವ ಆತುರ ಬೇಡ. ಆಯ್ಕೆ ಇಲ್ಲದಿದ್ದರೆ ಕ್ಯಾಮೆರಾದ ಪುಟ್ಟ ರೀಸೆಟ್ ಗುಂಡಿಯನ್ನು, ಅದರ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಒತ್ತಿ ಹಿಡಿಯಬೇಕು. ಅದಕ್ಕೆ ಮೊದಲು ವಿದ್ಯುತ್ ಆರಿಸಿ ಮೆಮೊರಿ ಕಾರ್ಡನ್ನು ತೆಗೆದಿಟ್ಟರೆ ಹಳೆಯ ದೃಶ್ಯಗಳ ಬಗ್ಗೆ ಭಯವಿರುವುದಿಲ್ಲ. ಬಳಿಕ ಆ್ಯಪ್ ತೋರಿಸುವ ಚೌಕದ ಸಂಕೇತವನ್ನು, ಅಂದರೆ ಕ್ಯೂಆರ್ ಕೋಡನ್ನು ಕ್ಯಾಮೆರಾದ ಮುಂದೆ ಹಿಡಿಯುವುದು ಒಂದು ವಿಧಾನ. ಕೀಲಿಮಣೆಯಿಲ್ಲದ ಸಾಧನಕ್ಕೆ ಕಣ್ಣಿದೆಯಲ್ಲ! ಹೆಸರನ್ನೂ ಪಾಸ್‌ವರ್ಡನ್ನೂ ಅದು ಚಿತ್ರದ ಮೂಲಕವೇ ಓದಿಕೊಳ್ಳುತ್ತದೆ. ಕೆಲವು ಕ್ಯಾಮೆರಾಗಳು ಶಬ್ದದ ಮೂಲಕ, ಇನ್ನು ಕೆಲವು ತಾವೇ ಒಂದು ತಾತ್ಕಾಲಿಕ ವೈ-ಫೈ ಜಾಲವನ್ನು ತೆರೆದು ಈ ವಿವರ ಪಡೆಯುತ್ತವೆ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಕಳ್ಳತನ ತಡೆಯಲೆಂದು ಅನೇಕ ಕ್ಯಾಮೆರಾಗಳನ್ನು ಮೊದಲು ನೋಂದಾಯಿಸಿದವರ ಖಾತೆಗೆ ಕಟ್ಟಿಹಾಕಲಾಗಿರುತ್ತದೆ. ರೀಸೆಟ್ ಮಾಡಿದರೂ ಈ ಕಟ್ಟು ಬಿಡುವುದಿಲ್ಲ. ಆ ಖಾತೆ ಕ್ಯಾಮೆರಾ ಕೂರಿಸಿಕೊಟ್ಟ ಅಂಗಡಿಯವರ ಫೋನ್ ಸಂಖ್ಯೆಯಲ್ಲಿದ್ದರೆ ನಿಮ್ಮ ಮನೆಯ ಕ್ಯಾಮೆರಾದ ಒಡೆತನ ನಿಮ್ಮಲ್ಲಿಲ್ಲ ಎಂದೇ ಅರ್ಥ. ರೌಟರ್ ಬದಲಾದದ್ದನ್ನೇ ನೆಪವಾಗಿಟ್ಟುಕೊಂಡು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ವಿಳಾಸ ತಪ್ಪಿದ ರೆಕಾರ್ಡರ್

ತಂತಿಯ ಕ್ಯಾಮೆರಾಗಳಿಗೆ ವೈ-ಫೈ ಹೆಸರಿನ ಗೊಡವೆಯಿಲ್ಲ. ಹಳೆಯ ರೌಟರಿನಲ್ಲಿದ್ದ ಕೇಬಲನ್ನು ಹೊಸದರ ಕಿಂಡಿಗೆ ಚುಚ್ಚಿದರೆ ಮುಗಿಯಿತು ಎಂದೆನಿಸುತ್ತದೆ. ಆದರೂ ಫೋನಿನಲ್ಲಿ ಚಿತ್ರ ಬರುವುದಿಲ್ಲ. ಏಕೆ?

ಜಾಲದ ಪ್ರತಿಯೊಂದು ಸಾಧನಕ್ಕೂ 192.168.1.108 ಎಂಬಂತಹ, ನಾಲ್ಕು ಭಾಗಗಳ ಐಪಿ ವಿಳಾಸವಿರುತ್ತದೆ. ಮನೆಯ ಜಾಲದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಭಾಗ ಬೀದಿಯ ಹೆಸರಿದ್ದಂತೆ, ಕೊನೆಯದು ಮನೆಯ ಸಂಖ್ಯೆ. ಫೋನು, ಟಿವಿಗಳು ರೌಟರನ್ನು ಕೇಳಿ ವಿಳಾಸ ಪಡೆಯುತ್ತವೆ. ಹೀಗೆ ಕೇಳಿ ಪಡೆಯುವ ಕ್ರಮಕ್ಕೆ ಡಿಎಚ್‌ಸಿಪಿ ಎಂದು ಹೆಸರು. ರೆಕಾರ್ಡರ್ ಮಾತ್ರ ಸದಾ ಒಂದೇ ಕಡೆ ಸಿಗಲಿ ಎಂದು ಕೂರಿಸಿದವರು ಅದಕ್ಕೆ ಸ್ಥಿರ ವಿಳಾಸ ಬರೆದಿರುವುದುಂಟು.

ಹಳೆಯ ರೌಟರಿನ ವಿಳಾಸ 192.168.1.1 ಆಗಿತ್ತು, ರೆಕಾರ್ಡರಿನದು 192.168.1.108 ಎಂದುಕೊಳ್ಳಿ. ಹೊಸ ರೌಟರಿನ ವಿಳಾಸ 192.168.29.1 ಇರಬಹುದು, ಜಿಯೋ ಫೈಬರ್ ರೌಟರುಗಳಲ್ಲಿ ಇದನ್ನು ಕಾಣುತ್ತೇವೆ. ಈಗ ರೌಟರ್ 29ನೆಯ ಬೀದಿಯಲ್ಲಿ, ರೆಕಾರ್ಡರ್ 1ನೆಯ ಬೀದಿಯಲ್ಲಿ. ನಡುವೆ ಒಂದೇ ಕೇಬಲ್ ಇದ್ದರೂ ಒಂದರ ಮಾತು ಇನ್ನೊಂದಕ್ಕೆ ತಲುಪುವುದಿಲ್ಲ. ಹೊರಗೆ ಹೋಗುವ ಹೆಬ್ಬಾಗಿಲು 192.168.1.1ರಲ್ಲಿದೆ ಎಂದು ರೆಕಾರ್ಡರ್ ಇನ್ನೂ ನಂಬಿರುತ್ತದೆ. ಅಲ್ಲೀಗ ಯಾರೂ ಇಲ್ಲ.

ವಿಚಿತ್ರವೆಂದರೆ, ರೆಕಾರ್ಡರಿಗೆ ಜೋಡಿಸಿದ ಪರದೆಯಲ್ಲಿ ಎಲ್ಲ ಕ್ಯಾಮೆರಾಗಳೂ ಕಾಣುತ್ತಿರಬಹುದು, ಚಿತ್ರೀಕರಣವೂ ನಡೆಯುತ್ತಿರಬಹುದು. ಕ್ಯಾಮೆರಾಗಳ ಕೇಬಲ್‌ಗಳು ರೆಕಾರ್ಡರಿನ ಹಿಂಬದಿಗೇ ನೇರವಾಗಿ ಬರುತ್ತಿದ್ದರೆ ಅವುಗಳಿಗೆ ರೌಟರ್ ಬೇಕಾಗಿಲ್ಲ. ಹೊರಗಿನ ನೋಟವಷ್ಟೇ ಕಡಿದುಹೋಗಿರುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಹೊಸ ರೌಟರಿನ ಒಳ ವಿಳಾಸವನ್ನೇ 192.168.1.1 ಎಂದು ಬದಲಾಯಿಸುವುದು. ಊರಿನ ಹೆಸರನ್ನೇ ಹಳೆಯದಕ್ಕೆ ತಿರುಗಿಸಿದಂತೆ! ಕ್ಯಾಮೆರಾಗಳೂ ಸ್ಥಿರ ವಿಳಾಸ ಹೊಂದಿದ್ದು, ಎಲ್ಲವೂ ಒಂದು ಸ್ವಿಚ್‌ಗೆ ಸೇರಿದ್ದರೆ ಇದೇ ಸುಲಭ. ಎರಡನೆಯದು, ರೆಕಾರ್ಡರಿನ ನೆಟ್‌ವರ್ಕ್ ಪುಟದಲ್ಲಿ ಡಿಎಚ್‌ಸಿಪಿಯನ್ನು ಆರಿಸಿ, ಹೊಸ ವಿಳಾಸ ಪಡೆಯಲು ಬಿಡುವುದು. ಆ ವಿಳಾಸ ಮುಂದೆ ಬದಲಾಗದಂತೆ ರೌಟರಿನಲ್ಲಿ ಅದನ್ನು ಕಾಯ್ದಿರಿಸಬಹುದು. ಕೈಯಿಂದಲೇ ಬರೆಯುವುದಾದರೆ ವಿಳಾಸದ ಜೊತೆಗೆ ಗೇಟ್‌ವೇ ಮತ್ತು ಡಿಎನ್‌ಎಸ್ ಎಂಬ ಸಾಲುಗಳನ್ನೂ ಸರಿಪಡಿಸಬೇಕು. ಗೇಟ್‌ವೇ ಎಂದರೆ ಹೆಬ್ಬಾಗಿಲು. ಡಿಎನ್‌ಎಸ್ ಎಂದರೆ ಹೆಸರನ್ನು ವಿಳಾಸಕ್ಕೆ ಬದಲಿಸಿಕೊಡುವ ಕೋಶ. ವಿಳಾಸವೊಂದನ್ನೇ ಬದಲಿಸಿ ಇವೆರಡನ್ನು ಮರೆಯುವುದು ಸಾಮಾನ್ಯ.

ಹೊರಗಿನಿಂದ ನೋಡುವ ದಾರಿ

ಐಪಿ ವಿಳಾಸದ ಹಳೆಯ ಕ್ರಮದಲ್ಲಿ 32 ಬಿಟ್‌ಗಳಿವೆ. ಎಂದರೆ ಒಟ್ಟು ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಜಗತ್ತಿನ ಕೇಂದ್ರ ದಾಸ್ತಾನಿನಲ್ಲಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿಸಲಾಯಿತು. ಆದ್ದರಿಂದ ಇಂದು ಅನೇಕ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುತ್ತಾರೆ. ಒಂದು ವಸತಿ ಸಮುಚ್ಚಯಕ್ಕೆ ಒಂದೇ ಅಂಚೆ ವಿಳಾಸವಿದ್ದು, ಒಳಗಿನ ಮನೆ ಸಂಖ್ಯೆಗಳು ಹೊರಗಿನವರಿಗೆ ಗೊತ್ತಿಲ್ಲದಂತೆ.

ಕೆಲವು ಹಳೆಯ ರೆಕಾರ್ಡರುಗಳು ಹೊರಗಿನಿಂದ ಬರುವ ಕರೆಗೆ ಕಾಯುತ್ತವೆ. ಅವುಗಳಿಗಾಗಿ ಹಳೆಯ ರೌಟರಿನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಎಂಬ ಕಿಂಡಿ ತೆರೆದಿರುತ್ತಾರೆ. ಹೊಸ ರೌಟರಿನಲ್ಲಿ ಆ ಕಿಂಡಿ ಇರುವುದಿಲ್ಲ. ತೆರೆದರೂ, ಸಮುಚ್ಚಯದ ಹೊರಬಾಗಿಲಲ್ಲೇ ಕರೆ ನಿಂತುಹೋಗಬಹುದು. ರೌಟರಿನ ಸ್ಥಿತಿ ಪುಟದಲ್ಲಿ ಹೊರ ವಿಳಾಸವನ್ನು ನೋಡಿ. ಅದು 100.64ರಿಂದ 100.127ರವರೆಗಿನ ಯಾವುದಾದರೂ ಅಂಕೆಯಿಂದ ಆರಂಭವಾಗಿದ್ದರೆ ನಿಮ್ಮದು ಹಂಚಿಕೊಂಡ ವಿಳಾಸ. ಆಗ ಕಿಂಡಿ ತೆರೆಯುವ ಪ್ರಯತ್ನ ವ್ಯರ್ಥ.

ಇಂದಿನ ಬಹುಪಾಲು ಕ್ಯಾಮೆರಾಗಳಿಗೆ ಈ ಕಷ್ಟವಿಲ್ಲ. ಅವು ಕರೆಗೆ ಕಾಯುವುದಿಲ್ಲ. ತಾವೇ ತಯಾರಕರ ಸರ್ವರಿಗೆ ಕರೆ ಮಾಡಿ ಸಂಪರ್ಕದಲ್ಲಿರುತ್ತವೆ. ನಿಮ್ಮ ಫೋನೂ ಅಲ್ಲಿಗೇ ಹೋಗಿ ಕೇಳುತ್ತದೆ. ಸರ್ವರ್ ಇಬ್ಬರನ್ನೂ ಕೂಡಿಸುತ್ತದೆ. ಒಳಗಿನಿಂದ ಹೊರಟ ಕರೆಗೆ ಬರುವ ಉತ್ತರವನ್ನು ಕಾವಲುಗಾರ ತಡೆಯುವುದಿಲ್ಲ. ನಿಮ್ಮ ರೆಕಾರ್ಡರಿನಲ್ಲಿ ‘ಪಿ2ಪಿ’ ಅಥವಾ ‘ಕ್ಲೌಡ್’ ಎಂಬ ಆಯ್ಕೆ ಇದ್ದರೆ ಅದನ್ನೇ ಬಳಸಿ, ಹಳೆಯ ಕಿಂಡಿಯನ್ನು ಮರೆತುಬಿಡಿ.

ಮರೆಯಲು ಇನ್ನೊಂದು ಬಲವಾದ ಕಾರಣವಿದೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವೊಂದು ಅಂತರಜಾಲಕ್ಕೆ ತೆರೆದುಕೊಂಡಿದ್ದ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ಹುಡುಕಿ, ಕಾರ್ಖಾನೆಯಲ್ಲೇ ಇಟ್ಟಿದ್ದ 60ಕ್ಕೂ ಹೆಚ್ಚು ಬಳಕೆದಾರ ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಒಳನುಗ್ಗಿತು. ಹೀಗೆ ವಶವಾದ ಸಾಧನಗಳ ದಂಡು 2016ರ ಅಕ್ಟೋಬರ್ 21ರಂದು ಅಮೆರಿಕದ ಡಿನ್ ಎಂಬ ಡಿಎನ್‌ಎಸ್ ಸಂಸ್ಥೆಯ ಮೇಲೆ ಎರಗಿದಾಗ, ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗದಾದವು. ಆ ಸಾಧನಗಳ ಒಡೆಯರಿಗೆ ಇದರ ಅರಿವೂ ಇರಲಿಲ್ಲ. ಕಾವಲಿಗಿಟ್ಟ ಕಣ್ಣನ್ನು ಅಪರಿಚಿತರು ಬಳಸಿದಂತಾಯಿತು.

ಆದ್ದರಿಂದ ಜೋಡಣೆಯ ಜೊತೆಯಲ್ಲೇ ಈ ನಾಲ್ಕು ಕೆಲಸಗಳನ್ನು ಮಾಡಿ ಮುಗಿಸಿ. ಒಂದು, ಕ್ಯಾಮೆರಾ ಮತ್ತು ರೆಕಾರ್ಡರಿನ ಕಾರ್ಖಾನೆ ಪಾಸ್‌ವರ್ಡ್ ಬದಲಿಸಿ. ಎರಡು, ರೌಟರಿನಲ್ಲಿ ಯುಪಿಎನ್‌ಪಿ ಎಂಬ, ಸಾಧನಗಳು ತಾವೇ ಕಿಂಡಿ ತೆರೆದುಕೊಳ್ಳುವ ಸೌಲಭ್ಯವನ್ನು ನಿಲ್ಲಿಸಿ. ಮೂರು, ಕ್ಯಾಮೆರಾದ ತಂತ್ರಾಂಶದ ಹೊಸ ಆವೃತ್ತಿ ಬಂದಿದ್ದರೆ ಹಾಕಿ. ನಾಲ್ಕು, ಹಳೆಯ ರೌಟರನ್ನು ಸೇವಾದಾರರಿಗೋ ಗುಜರಿಗೋ ಕೊಡುವ ಮುನ್ನ ಅದನ್ನು ರೀಸೆಟ್ ಮಾಡಿ ನಿಮ್ಮ ಹೆಸರು, ಪಾಸ್‌ವರ್ಡ್‌ಗಳನ್ನು ಅಳಿಸಿ. ನೀವು ಹೊಸ ರೌಟರಿಗೂ ಅದೇ ಪಾಸ್‌ವರ್ಡ್ ಕೊಟ್ಟಿದ್ದರೆ, ಅಳಿಸದ ಹಳೆಯ ರೌಟರ್ ಎಂದರೆ ಬೀದಿಯಲ್ಲಿ ಬಿದ್ದ ಮನೆಯ ಬೀಗದಕೈ.

ಹೊಸ ಕ್ಯಾಮೆರಾ ಕೊಳ್ಳುವವರಿಗೆ ಒಂದು ವಿಷಯ ತಿಳಿದಿರಲಿ. ಕೇಂದ್ರ ಸರ್ಕಾರವು 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತೆಯ ಕನಿಷ್ಠ ಅಗತ್ಯಗಳನ್ನು ಗೊತ್ತುಪಡಿಸಿ, 2025ರ ಏಪ್ರಿಲ್‌ನಿಂದ ಅವನ್ನು ಜಾರಿಗೆ ತಂದಿದೆ. ಆದರೆ ಮನೆಯಲ್ಲಿ ಈಗಾಗಲೇ ಇರುವ ಹಳೆಯ ಕ್ಯಾಮೆರಾಗಳ ಹೊಣೆ ನಮ್ಮದೇ.

ಪರೀಕ್ಷಿಸದೆ ನಂಬಬೇಡಿ

ಫೋನಿನಲ್ಲಿ ಚಿತ್ರ ಬಂದೊಡನೆ ಕೆಲಸ ಮುಗಿಯಿತೆಂದು ಏಳಬೇಡಿ. ಪ್ರಯೋಗಾಲಯದಲ್ಲಿ ಉಪಕರಣವನ್ನು ಜೋಡಿಸಿದ ಮೇಲೆ ತಿಳಿದ ಅಳತೆಯೊಂದನ್ನು ತೆಗೆದು ನೋಡುವಂತೆ, ಇಲ್ಲೂ ಐದು ಪರೀಕ್ಷೆಗಳನ್ನು ಮಾಡಬೇಕು.

ಮೊದಲು ಫೋನಿನ ವೈ-ಫೈ ಆರಿಸಿ, ಮೊಬೈಲ್ ಡೇಟಾದ ಮೂಲಕ ನೋಡಿ. ಮನೆಯೊಳಗಿನ ಜಾಲದಲ್ಲಿ ಮಾತ್ರ ಕಾಣುವ ಚಿತ್ರ ದೂರದ ಮಕ್ಕಳಿಗೆ ಕಾಣುವುದಿಲ್ಲ. ಎರಡನೆಯದಾಗಿ, ಚಿತ್ರದ ಮೂಲೆಯ ದಿನಾಂಕ, ವೇಳೆ ಸರಿಯಿದೆಯೇ ನೋಡಿ. ಕ್ಯಾಮೆರಾಗಳು ವೇಳೆಯನ್ನು ಅಂತರಜಾಲದಿಂದ ಪಡೆಯುತ್ತವೆ. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಕಾಲವಲಯದ ಆಯ್ಕೆ ಅಳಿಸಿಹೋಗಿದೆ ಎಂದು ತಿಳಿಯಿರಿ. ತಪ್ಪು ವೇಳೆಯ ದೃಶ್ಯ ಪೊಲೀಸರ ಮುಂದೆ ಸಹಾಯಕ್ಕಿಂತ ಗೊಂದಲವನ್ನೇ ತಂದೀತು. ಮೂರನೆಯದಾಗಿ, ಕ್ಯಾಮೆರಾದ ಮುಂದೆ ಒಮ್ಮೆ ನಡೆದಾಡಿ, ಎಚ್ಚರಿಕೆಯ ಸಂದೇಶ ಬರುವುದೇ ನೋಡಿ. ಕ್ಯಾಮೆರಾ ಸಂಪರ್ಕ ಕಳೆದುಕೊಂಡಾಗ ತಿಳಿಸುವ ಸೌಲಭ್ಯ ಆ್ಯಪ್‌ನಲ್ಲಿದ್ದರೆ ಅದನ್ನೂ ತೆರೆದಿಡಿ. ಸದ್ದಿಲ್ಲದೆ ಕೆಡುವ ಸಾಧನಕ್ಕೆ ಸದ್ದು ಕೊಡುವುದು ಇದೊಂದೇ.

ನಾಲ್ಕನೆಯದು, ಮರುದಿನ ಹಿಂದಿನ ರಾತ್ರಿಯ ದೃಶ್ಯವನ್ನು ತೆಗೆದು ನೋಡುವುದು. ಇಲ್ಲೊಂದು ಸಣ್ಣ ಲೆಕ್ಕ ಉಪಯುಕ್ತ. ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದತ್ತಾಂಶ ಬರೆಯುತ್ತದೆಂದರೆ, 86,400 ಸೆಕೆಂಡುಗಳ ಒಂದು ದಿನಕ್ಕೆ 1,72,800 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸುಮಾರು 21.6 ಗಿಗಾಬೈಟ್. 128 ಗಿಗಾಬೈಟ್ ಕಾರ್ಡಿನಲ್ಲಿ ಹೆಚ್ಚೆಂದರೆ ಆರು ದಿನಗಳ ದೃಶ್ಯ ಉಳಿಯುತ್ತದೆ. ಆಮೇಲೆ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಒಂದು ವಾರ ಊರಿಗೆ ಹೋಗುವವರು ಇದನ್ನು ನೆನಪಿಡಬೇಕು.

ಐದನೆಯದು ನಮ್ಮ ಊರುಗಳಿಗೆ ತೀರ ಅಗತ್ಯವಾದ ಪರೀಕ್ಷೆ. ಮನೆಯ ಮುಖ್ಯ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ. ಕ್ಯಾಮೆರಾ ತಾನಾಗಿ ಮರಳಿ ಬಂದರೆ ಸರಿ. ಯುಪಿಎಸ್ ಇದ್ದರೆ ಹೊಸ ರೌಟರ್, ಫೈಬರ್ ಪೆಟ್ಟಿಗೆ, ಕ್ಯಾಮೆರಾ ಮೂರೂ ಅದಕ್ಕೆ ಸೇರಿವೆಯೇ ನೋಡಿ. ಹಳೆಯ ರೌಟರ್ ಇದ್ದ ಯುಪಿಎಸ್ ಕಿಂಡಿ ಒಂದು ಕೋಣೆಯಲ್ಲಿ, ಹೊಸ ರೌಟರ್ ಇನ್ನೊಂದು ಕೋಣೆಯಲ್ಲಿ ಉಳಿದುಬಿಟ್ಟರೆ ಕರೆಂಟು ಹೋದ ರಾತ್ರಿಯೇ ಮನೆಯ ಕಾವಲು ಇಲ್ಲವಾಗುತ್ತದೆ.

ಮುಂದಿನ ಬಾರಿಗೆ

ಸೇವಾದಾರರು ಬದಲಾಗುತ್ತಿರುತ್ತಾರೆ, ರೌಟರುಗಳೂ ಕೆಡುತ್ತವೆ. ಹಾಗಾಗಿ ಮನೆಯ ವಿದ್ಯುತ್ ಬಿಲ್ಲು, ಗ್ಯಾಸ್ ಪುಸ್ತಕ ಇಡುವ ಜಾಗದಲ್ಲೇ ಒಂದು ಹಾಳೆಯನ್ನು ಇಡಿ. ಅದರಲ್ಲಿ ವೈ-ಫೈ ಹೆಸರು, ಅದರ ಭದ್ರತೆಯ ಬಗೆ, ರೌಟರಿನ ಒಳ ವಿಳಾಸ, ರೆಕಾರ್ಡರಿನ ವಿಳಾಸ, ಪ್ರತಿ ಕ್ಯಾಮೆರಾದ ಮಾದರಿ ಮತ್ತು ಅದು ಯಾವ ಫೋನ್ ಸಂಖ್ಯೆಯ ಖಾತೆಗೆ ಸೇರಿದೆ ಎಂಬುದನ್ನು ಬರೆಯಿರಿ. ಪಾಸ್‌ವರ್ಡುಗಳನ್ನು ಬೇರೆ ಹಾಳೆಯಲ್ಲಿ, ಬೀರುವಿನೊಳಗೆ ಇಡುವುದು ಒಳ್ಳೆಯದು. ತಂತ್ರಜ್ಞರು ಹೊಸ ರೌಟರಿನೊಡನೆ ಬಾಗಿಲಿಗೆ ಬಂದಾಗ ಮೊದಲ ಹಾಳೆಯನ್ನು ಅವರ ಕೈಗಿತ್ತು, ‘ಹೆಸರು ಮತ್ತು ಒಳ ವಿಳಾಸ ಇದರಲ್ಲಿರುವಂತೆಯೇ ಇರಲಿ’ ಎಂದು ಹೇಳಿ. ಪಾಸ್‌ವರ್ಡನ್ನು ನೀವೇ ನಮೂದಿಸಿ. ಎಲ್ಲ ಕ್ಯಾಮೆರಾಗಳೂ ಫೋನಿನ ಪರದೆಯಲ್ಲಿ ಮರಳಿ ಕಾಣಿಸುವವರೆಗೆ ಅವರನ್ನು ಕಳಿಸಬೇಡಿ.